ನವಣೆ ಬಿಚ್ಚದ ಅಂಗಿ

ಒಣಗಿದ ನವಣೆ ತೆನೆಯನ್ನು ಅಂಗೈಯಲ್ಲಿ ಹೊಸಕಿ ಊದಿ ನೋಡಿ. ನರಿಬಾಲದಂಥ ತೆನೆಯ ಕೂದಲಿನ ಚೂರುಗಳು ಹಾರಿಹೋಗಿ, ಮಿರಿಮಿರಿ ಮಿಂಚುವ ಹಳದಿ ಕಾಳು ಉಳಿಯುತ್ತವೆ. ಒಂದೊಂದೂ ಸುಮಾರು 2 ಮಿಲಿಮೀಟರ್. ಹೊಳಪು ಅಕ್ಕಿಯದಲ್ಲ, ಹೊಟ್ಟಿನದು. ದೋಣಿಯಂಥ ಎರಡು ಗಡುಸು ಸಿಪ್ಪೆಗಳು ಅಂಚಿಗೆ ಅಂಚು ಕೂಡಿಸಿ ಒಳಗಿನ ಅಕ್ಕಿಯನ್ನು ಬಿಗಿಯಾಗಿ ಮುಚ್ಚಿರುತ್ತವೆ. ರಾಗಿಗೆ ಈ ಅಂಗಿಯಿಲ್ಲ. ಬಡಿದು ತೂರಿದರೆ ಸಾಕು, ಬೀಸುವ ಕಲ್ಲಿಗೆ ಸಿದ್ಧ.

ನವಣೆಯನ್ನು ಅರಿಯಬೇಕಾದರೆ ಈ ಹೊಟ್ಟಿನಿಂದಲೇ ಶುರುಮಾಡಬೇಕು.

ನವಣೆಯ ತವರು ಉತ್ತರ ಚೀನಾ. ಅಲ್ಲಿನ ಜನ 8000 ವರ್ಷಗಳಿಗೂ ಹಿಂದೆ ಒಂದು ಕಾಡುಹುಲ್ಲನ್ನು ಪಳಗಿಸತೊಡಗಿದರು. ಆ ಹುಲ್ಲಿನ ಕಾಳು ಮಾಗುತ್ತಲೇ ನೆಲಕ್ಕುದುರುತ್ತದೆ. ತೆನೆಯಲ್ಲೇ ಉಳಿದ ಕಾಳನ್ನು ಕೊಯ್ದು ಬಿತ್ತುತ್ತ, ಮತ್ತೆ ಕೊಯ್ದು ಬಿತ್ತುತ್ತ ಬಂದಂತೆ ಉದುರುವ ಗುಣ ಕಡಿಮೆಯಾಯಿತು. ಹೊಟ್ಟು ಮಾತ್ರ ಹಾಗೇ ಉಳಿಯಿತು. ಅದರ ಜೀವಕೋಶಗಳಲ್ಲಿ ಸಿಲಿಕಾ ತುಂಬಿಕೊಂಡು ಗಾಜಿನಂಥ ಅಚ್ಚುಗಳಾಗುತ್ತವೆ. ಹೊಟ್ಟು ಕೊಳೆತು ಮಣ್ಣಾದರೂ ಈ ಅಚ್ಚುಗಳು ಅಳಿಯವು. ಚೀನಾದ ಲಾಜಿಯಾ ಎಂಬಲ್ಲಿ ಮಗುಚಿಬಿದ್ದ ಬೋಗುಣಿಯಡಿ ಸುಮಾರು 4000 ವರ್ಷ ಹಳೆಯ ಶ್ಯಾವಿಗೆ ಸಿಕ್ಕಿತು. ಅದರಲ್ಲಿ ನವಣೆಯೂ ಬರಗೂ ಇವೆಯೆಂದು 2005ರಲ್ಲಿ ವಿಜ್ಞಾನಿಗಳು ಹೇಳಿದ್ದು ಪಿಷ್ಟದ ಕಣಗಳ ಜೊತೆಗೆ ಈ ಹೊಟ್ಟಿನ ಅಚ್ಚುಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ. ಎಂದೋ ಯಾರದೋ ತಾಟಿನಲ್ಲಿದ್ದ ಊಟವನ್ನು ಹೊಟ್ಟಿನ ಚೂರು ಹೇಳಿಬಿಡುತ್ತದೆಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ಹೊಲದಲ್ಲಿ ನವಣೆ ಬಲು ಸಂಭಾವಿತ ಬೆಳೆ. ಮೂರು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತದೆ. ಜೋಳದ ಹಾಗೆ ಇದರ ಎಲೆಯೂ ಇಂಗಾಲದ ಡೈಆಕ್ಸೈಡನ್ನು ಒಳಗೇ ಒಂದೆಡೆ ಒಟ್ಟುಮಾಡಿಕೊಳ್ಳುವುದರಿಂದ, ಎಲೆಯ ರಂಧ್ರಗಳನ್ನು ಹೆಚ್ಚು ತೆರೆದು ನೀರು ಕಳೆದುಕೊಳ್ಳಬೇಕಿಲ್ಲ. ಬಳ್ಳಾರಿ, ಕೊಪ್ಪಳದ ಮಳೆಯಾಶ್ರಿತ ಹೊಲಕ್ಕೆ ಒಗ್ಗಿದ್ದು ಅದಕ್ಕೇ.

ಕಷ್ಟವಿದ್ದದ್ದು ಮನೆಯಲ್ಲಿ. ಹೊಟ್ಟು ಬಿಡಿಸಲು ಕಾಳನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಬೇಕಿತ್ತು. ಆ ದುಡಿಮೆ ಹೆಂಗಸರ ರಟ್ಟೆಯದು. ಗಿರಣಿಯ ಅಕ್ಕಿ ಕೈಗೆ ಸಿಕ್ಕ ಮೇಲೆ ಅವರು ಒನಕೆ ಕೆಳಗಿಟ್ಟರೆ ತಪ್ಪೆನ್ನಲಾರೆ. ಭತ್ತದ ಯಂತ್ರಕ್ಕೆ ಇಷ್ಟು ಸಣ್ಣ ಕಾಳು ಸರಿಯಾಗಿ ಸಿಗುವುದೂ ಇಲ್ಲ. ಈಗಿನ ಸಿರಿಧಾನ್ಯದ ಯಂತ್ರಗಳಲ್ಲಿ ಹಲವು ಬೇರೆ ದಾರಿ ಹಿಡಿದಿವೆ: ಗಿರಗಿರನೆ ತಿರುಗುವ ಚಕ್ರ ಕಾಳನ್ನು ಗೋಡೆಗೆ ಎಸೆಯುತ್ತದೆ, ಬಡಿದ ಏಟಿಗೆ ಹೊಟ್ಟು ಸೀಳುತ್ತದೆ. ವೇಗ ತುಸು ಹೆಚ್ಚಾದರೆ ಅಕ್ಕಿಯೇ ನುಚ್ಚಾಗುತ್ತದೆ.

ಅಂಗಿ ಕಳಚಿದ ಮೇಲೆ ಅವಸರವೂ ಇದೆ. ಹೊಟ್ಟಿನೊಳಗೆ ವರ್ಷಗಟ್ಟಲೆ ತಡೆಯುವ ಕಾಳು, ಅಕ್ಕಿಯಾದರೆ ತೌಡಿನ ಎಣ್ಣೆಗೆ ಗಾಳಿ ತಗುಲಿ ಕೆಲವೇ ತಿಂಗಳಲ್ಲಿ ಕಮಟು ಹಿಡಿಯುತ್ತದೆ. ತಂದ ನವಣಕ್ಕಿಯನ್ನು ಡಬ್ಬಿಯಲ್ಲಿ ಮರೆಯದೆ ಬೇಗ ಅನ್ನ ಮಾಡಿ.