ಮೇಲಿನ ಮೆಟ್ಟಿಲ ಮೇಲೆ ಇಬ್ಬರು

1976ರ ಜುಲೈ, ಮಾಂಟ್ರಿಯಲ್ ಒಲಿಂಪಿಕ್ಸ್. 50 ಮೀಟರ್ ರೈಫಲ್ ತ್ರೀ ಪೊಸಿಷನ್ ಸ್ಪರ್ಧೆಯ ಪದಕ ಪ್ರದಾನ ನಡೆದಿತ್ತು. ಚಿನ್ನ ಲ್ಯಾನಿ ಬ್ಯಾಸಮ್ ಅವರದು, ಬೆಳ್ಳಿ ಮಾರ್ಗರೆಟ್ ಮರ್ಡಾಕ್ ಅವರದು. ಇಬ್ಬರೂ ಅಮೆರಿಕ ತಂಡದವರೇ. ರಾಷ್ಟ್ರಗೀತೆಯ ಹೊತ್ತಿಗೆ ಬ್ಯಾಸಮ್ ಪಕ್ಕಕ್ಕೆ ಸರಿದು, ಕೈ ನೀಡಿ ಮರ್ಡಾಕ್ ಅವರನ್ನು ತಮ್ಮ ಮೆಟ್ಟಿಲಿಗೆ ಹತ್ತಿಸಿಕೊಂಡರು. ಒಬ್ಬರಿಗೆಂದು ಮಾಡಿದ್ದ ಜಾಗದಲ್ಲಿ ಗೀತೆ ಮುಗಿಯುವವರೆಗೂ ಇಬ್ಬರು ನಿಂತಿದ್ದರು.

ಬ್ಯಾಸಮ್ ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಮಲಗಿ 40, ನಿಂತು 40, ಮಂಡಿಯೂರಿ 40, ಹೀಗೆ ಒಟ್ಟು 120 ಗುಂಡು. ಗರಿಷ್ಠ ಅಂಕ 1,200. ಇಬ್ಬರೂ ಗಳಿಸಿದ್ದು ಸರಿಯಾಗಿ 1,162. ಮೂರನೆಯವರಾಗಿ ಬಂದ ಪಶ್ಚಿಮ ಜರ್ಮನಿಯ ವರ್ನರ್ ಸೈಬೋಲ್ಡ್ ಅವರದು 1,160. ಗುರಿಹಾಳೆಗಳನ್ನು ಮತ್ತೊಮ್ಮೆ ಪರಿಶೀಲಿಸಿದ ಮೇಲೆ, ಸಮಬಲ ಮುರಿಯುವ ನಿಯಮದ ಪ್ರಕಾರ ಚಿನ್ನ ಬ್ಯಾಸಮ್ ಪಾಲಾಯಿತು. ಎರಡು ಚಿನ್ನ ಕೊಡಿ ಎಂದು ಅವರೇ ಕೇಳಿಕೊಂಡರೂ ಅಧಿಕಾರಿಗಳು ಒಪ್ಪಲಿಲ್ಲ. ಅಧಿಕಾರಿಗಳು ಕೊಡದ್ದನ್ನು ಅವರು ಮೆಟ್ಟಿಲ ಮೇಲೆ ಹಂಚಿಕೊಂಡರು.

ರೈಫಲ್ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳಿಗೆ ಇವತ್ತಿರುವ ಜಾಗ ಹೇಗೆ ಬಂತು ಎಂದು ಕೆದಕುತ್ತಾ ಹೋದರೆ ಈ ಘಟನೆಯನ್ನು ದಾಟಿ ಹೋಗಲು ಆಗುವುದಿಲ್ಲ. ಅವರು ಪಡೆದದ್ದು ಎಷ್ಟು, ಕಳೆದುಕೊಂಡದ್ದು ಎಷ್ಟು ಎಂಬ ಎರಡೂ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ.

ಮೊದಲು ಈ ಆಟ ಮೈಯಿಂದ ಏನು ಕೇಳುತ್ತದೆ ಎಂದು ನೋಡಬೇಕು. ರೇಂಜಿಗೆ ಹೊಸದಾಗಿ ಬಂದ ಹುಡುಗಿಯ ಕೈಗೆ ಮೊದಲು ಸಿಗುವುದು ಏರ್ ರೈಫಲ್. ನಿಯಮದ ಪ್ರಕಾರ ಅದು ಐದೂವರೆ ಕಿಲೋ ತೂಕದವರೆಗೆ ಇರಬಹುದು. ಬಲಗೈಯವಳಾದರೆ ಎಡಪಕ್ಕವನ್ನು ಗುರಿಯ ಕಡೆಗೆ ಮಾಡಿ ನಿಲ್ಲುತ್ತಾಳೆ. ಸೊಂಟವನ್ನು ತುಸು ಮುಂದೊತ್ತಿ ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರುತ್ತಾಳೆ. ರೈಫಲ್‌ನ ಭಾರ ತೋಳಿನ ಸ್ನಾಯುವಿನ ಮೇಲೆ ಬೀಳಬಾರದು, ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರಬೇಕು. ಸ್ನಾಯು ದಣಿಯುತ್ತದೆ, ನಡುಗುತ್ತದೆ, ಮೂಳೆ ಹಾಗಲ್ಲ. ಕೆನ್ನೆಯನ್ನು ರೈಫಲ್‌ಗೆ ಒರಗಿಸಿ, ಹಿಂದಿನ ಸೈಟ್‌ನ ಸಣ್ಣ ತೂತಿನಿಂದ ನೋಡಿದಾಗ ಮುಂದಿನ ಉಂಗುರದ ನಡುವೆ ಗುರಿಯ ಕಪ್ಪು ವೃತ್ತ ಕೂರಬೇಕು. ಹತ್ತು ಮೀಟರ್ ಆಚೆ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಉಸಿರನ್ನು ಅರ್ಧ ಬಿಟ್ಟು ತಡೆದರೂ ಉಂಗುರ ಎದೆಬಡಿತದ ಜೊತೆಗೆ ಅಲ್ಲಾಡುತ್ತಲೇ ಇರುತ್ತದೆ. ಆ ಅಲುಗಾಟ ಸಣ್ಣದಾದ ಗಳಿಗೆಯಲ್ಲಿ ಬೆರಳು ತಾನಾಗಿ ಟ್ರಿಗರ್ ಮುಗಿಸಬೇಕು. ಗುಂಡು ಹೊರಟ ಮೇಲೂ ಕಣ್ಣು ಒಂದೆರಡು ಕ್ಷಣ ಗುರಿಯ ಮೇಲೆಯೇ ನಿಲ್ಲಬೇಕು.

ಒಳ್ಳೆಯ ತರಬೇತುದಾರರು ಶುರುವಿನಲ್ಲಿ ಪೆಲೆಟ್ ಕೊಡುವುದಕ್ಕಿಂತ ಖಾಲಿ ರೈಫಲ್‌ನಲ್ಲಿ ಡ್ರೈ ಫೈರಿಂಗ್ ಮಾಡಿಸುವುದೇ ಹೆಚ್ಚು. ಗೋಡೆಗೆ ಅಂಟಿಸಿದ ಚುಕ್ಕೆಗೆ ಗುರಿಯಿಟ್ಟು, ಟ್ರಿಗರ್ ಒತ್ತಿ, ಆ ಕ್ಷಣ ಉಂಗುರ ಅಲುಗಿತೇ ಎಂದು ಗಮನಿಸುವುದು. ಇಲ್ಲಿ ಓಡಬೇಕಿಲ್ಲ, ಎತ್ತಬೇಕಿಲ್ಲ, ಎದುರಾಳಿಯನ್ನು ಕೆಡವಬೇಕಿಲ್ಲ. ಅಲುಗದೆ ನಿಲ್ಲುವುದೇ ಇಲ್ಲಿನ ಶಕ್ತಿ. ಅಂಥ ಆಟದಲ್ಲಿ ಹೆಂಗಸರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಬೇಕೇಕೆ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಹಳೆಯ ದಿನಗಳಲ್ಲಿ ಹಾಗೆ ನಿಲ್ಲಿಸುತ್ತಲೂ ಇರಲಿಲ್ಲ. ಇಂಗ್ಲೆಂಡಿನ ಬಿಸ್ಲಿಯಲ್ಲಿ 1930ರಲ್ಲಿ ಕಿಂಗ್ಸ್ ಪ್ರೈಜ್ ಗೆದ್ದವರು ಮಾರ್ಜರಿ ಫಾಸ್ಟರ್. ಸೈನಿಕರೂ ಅಧಿಕಾರಿಗಳೂ ತುಂಬಿದ್ದ ಕಣದಲ್ಲಿ ಆ ಬಹುಮಾನ ಗೆದ್ದ ಮೊದಲ ಮಹಿಳೆ. ಒಲಿಂಪಿಕ್ಸ್‌ನ ಬಾಗಿಲು ಮಾತ್ರ ತಡವಾಗಿ ತೆರೆಯಿತು. 1968ರ ಮೆಕ್ಸಿಕೊ ಕೂಟದಲ್ಲಿ ಮೆಕ್ಸಿಕೊ, ಪೆರು, ಪೋಲೆಂಡ್‌ಗಳ ಮೂವರು ಮಹಿಳೆಯರು ಗಂಡಸರ ಜೊತೆಗೇ ಗುರಿಯಿಟ್ಟರು.

ಮರ್ಡಾಕ್ ಬಂದದ್ದು ಕಾನ್ಸಾಸ್ ರಾಜ್ಯದ ಟೊಪೀಕಾದಿಂದ. ಅಮೆರಿಕ ಸೇನೆಯ ಗುರಿಕಾರರ ಘಟಕದಲ್ಲಿ ಪಳಗಿದವರು. 1967ರಲ್ಲಿ ವಿನ್ನಿಪೆಗ್‌ನ ಪ್ಯಾನ್ ಅಮೆರಿಕನ್ ಕೂಟದಲ್ಲಿ ಮಂಡಿಯೂರಿ ಹೊಡೆಯುವ ವಿಭಾಗದಲ್ಲಿ 400ಕ್ಕೆ 391 ಅಂಕ ಪಡೆದರು. ಅದು ಮಹಿಳಾ ದಾಖಲೆಯಲ್ಲ, ವಿಶ್ವ ದಾಖಲೆ. ಗಂಡಸರ ದಾಖಲೆಯೇ ಅವರ ಕೈಯಲ್ಲಿ ಮುರಿದಿತ್ತು. 1970ರಲ್ಲಿ ಫೀನಿಕ್ಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಿಂತು ಹೊಡೆಯುವ ವಿಭಾಗದ ಚಿನ್ನ ಗೆದ್ದಾಗ ಅವರು ಗರ್ಭಿಣಿ. ಸಮತೋಲನವೇ ಸರ್ವಸ್ವವಾದ ಭಂಗಿಯಲ್ಲಿ, ಮೈಯ ತೂಕ ದಿನದಿನಕ್ಕೂ ಬದಲಾಗುತ್ತಿದ್ದ ಕಾಲದಲ್ಲಿ ಬಂದ ಚಿನ್ನವದು. ಅದಾಗಿ ಆರು ವರ್ಷಕ್ಕೆ ಮಾಂಟ್ರಿಯಲ್. ಅಮೆರಿಕದ ಒಲಿಂಪಿಕ್ ಶೂಟಿಂಗ್ ತಂಡಕ್ಕೆ ಆಯ್ಕೆಯಾದ ಮೊದಲ ಮಹಿಳೆ ಅವರೇ, ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಮಹಿಳೆಯೂ ಅವರೇ.

ಬ್ಯಾಸಮ್ ಅವರದೂ ಗೌರವಿಸಬೇಕಾದ ಕಥೆ. 1972ರ ಮ್ಯೂನಿಕ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿಗೆ ನಿಂತವರು. ಒತ್ತಡದಲ್ಲಿ ತಮ್ಮ ಮನಸ್ಸೇ ತಮಗೆ ಕೈಕೊಟ್ಟಿತೆಂದು ಅವರಿಗೆ ಗೊತ್ತಿತ್ತು. ಬೇರೆ ಚಾಂಪಿಯನ್ನರನ್ನು ಹುಡುಕಿ ಹೋಗಿ, ನೀವು ಆ ಗಳಿಗೆಯಲ್ಲಿ ಏನು ಯೋಚಿಸುತ್ತೀರಿ ಎಂದು ಕೇಳಿ ಕೇಳಿ ಕಲಿತರು. ಮುಂದೆ ಅದನ್ನೇ ಒಂದು ಪದ್ಧತಿಯಾಗಿ ಕಲಿಸಿದರು. ಬೆಳ್ಳಿಯ ನೋವು ತಿಳಿದವರಾದ್ದರಿಂದಲೇ ಪಕ್ಕದ ಮೆಟ್ಟಿಲಲ್ಲಿದ್ದವರ ಕಡೆಗೆ ಅವರ ಕೈ ಅಷ್ಟು ಬೇಗ ಚಾಚಿತೆಂದು ನಾನು ನಂಬುತ್ತೇನೆ.

ಮುಂದೇನಾಯಿತು? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆಗಳು ಬಂದವು. ಏರ್ ರೈಫಲ್ ಚಿನ್ನ ಅಮೆರಿಕದ ಪ್ಯಾಟ್ ಸ್ಪರ್ಜಿನ್‌ಗೆ, ತ್ರೀ ಪೊಸಿಷನ್ ಚಿನ್ನ ಚೀನಾದ ವೂ ಷಿಯಾವೊಶುವಾನ್‌ಗೆ. ಇದರಿಂದ ಆದ ಒಳಿತು ದೊಡ್ಡದು. ಪದಕ ಇದೆಯೆಂದ ಮೇಲೆ ದೇಶಗಳು ಹುಡುಗಿಯರಿಗೂ ರೈಫಲ್ ಕೊಟ್ಟವು, ತರಬೇತಿ ಕೊಟ್ಟವು. ಆದರೆ ಅದರ ಜೊತೆಗೇ ಒಂದು ಅನ್ಯಾಯವೂ ಒಳಗೆ ಬಂತು. ಏರ್ ರೈಫಲ್‌ನಲ್ಲಿ ಗಂಡಸರಿಗೆ 60 ಗುಂಡು, ಹೆಂಗಸರಿಗೆ 40. ತ್ರೀ ಪೊಸಿಷನ್‌ನಲ್ಲಿ ಅವರಿಗೆ 120, ಇವರಿಗೆ 60. ಮರ್ಡಾಕ್ 120 ಗುಂಡು ಹೊಡೆದು ಸಮಬಲ ತೋರಿಸಿ ಎಂಟೇ ವರ್ಷವಾಗಿತ್ತು. ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡುವ ದಾರಿಯೇ ಮುಚ್ಚಿಹೋಯಿತು. ಈ ವ್ಯತ್ಯಾಸ ಹೋಗಿ ಗುಂಡುಗಳ ಸಂಖ್ಯೆ ಸಮನಾದದ್ದು 2018ರಲ್ಲಿ. ಅಷ್ಟು ವರ್ಷ ಅದನ್ನು ಸಹಿಸಿಕೊಂಡದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಶಾಟ್‌ಗನ್ ಕಣದಲ್ಲಿ ಇನ್ನೂ ಕಹಿಯಾದದ್ದು ನಡೆಯಿತು. 1992ರ ಬಾರ್ಸಿಲೋನಾದಲ್ಲಿ ಎಲ್ಲರಿಗೂ ಮುಕ್ತವಾಗಿದ್ದ, ಹಾರುವ ಗುರಿಗಳನ್ನು ಹೊಡೆಯುವ ಸ್ಕೀಟ್ ಸ್ಪರ್ಧೆಯ ಚಿನ್ನವನ್ನು ಚೀನಾದ ಜಾಂಗ್ ಶಾನ್ ಗೆದ್ದರು. ಅರ್ಹತಾ ಸುತ್ತಿನ 200 ಗುರಿಗಳಲ್ಲಿ ಒಂದನ್ನೂ ಬಿಡದೆ ಹೊಡೆದಿದ್ದರು. ನಾಲ್ಕು ವರ್ಷದ ನಂತರ ಅಟ್ಲಾಂಟಾದಲ್ಲಿ ಸ್ಕೀಟ್ ಗಂಡಸರಿಗೆ ಮಾತ್ರ ಸೀಮಿತವಾಯಿತು, ಮಹಿಳೆಯರಿಗೆ ಸ್ಕೀಟ್ ಇರಲೇ ಇಲ್ಲ. ಗೆದ್ದವರಿಗೆ ತಮ್ಮ ಚಿನ್ನ ಉಳಿಸಿಕೊಳ್ಳುವ ಅವಕಾಶವೂ ಸಿಗಲಿಲ್ಲ.

ನಮ್ಮ ದೇಶದಲ್ಲಿ ಈ ಎಳೆಯನ್ನು ಹಿಡಿದವರು ಅಂಜಲಿ ಭಾಗವತ್. ಮುಂಬೈಯ ಕಾಲೇಜಿನ ಎನ್‌ಸಿಸಿಯಿಂದ ರೈಫಲ್‌ಗೆ ಬಂದವರು, 2000ದ ಸಿಡ್ನಿಯಲ್ಲಿ ಫೈನಲ್ ತಲುಪಿದವರು. 2002ರಲ್ಲಿ ಮ್ಯೂನಿಕ್‌ನಲ್ಲಿ ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ನಡೆಸಿದ ಚಾಂಪಿಯನ್ ಆಫ್ ಚಾಂಪಿಯನ್ಸ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗಂಡಸರೂ ಹೆಂಗಸರೂ ಒಂದೇ ಕಣದಲ್ಲಿದ್ದರು, ಗೆದ್ದವರು ಅಂಜಲಿ. ನಮ್ಮ ಶಾಲೆಗಳ ಕ್ರೀಡಾಕೊಠಡಿಯಲ್ಲಿ ಈ ಗೆಲುವಿನ ಚಿತ್ರ ತೂಗುಹಾಕಿದ್ದನ್ನು ನಾನು ಕಂಡಿಲ್ಲ, ತೂಗುಹಾಕಬೇಕು. 2023ರಲ್ಲಿ ಕೊರಿಯಾದ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಹದಿನೈದರ ಹರೆಯದಲ್ಲೇ ಬೆಳ್ಳಿ ಗೆದ್ದು, ದೇಶಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನ ಕೋಟಾ ತಂದ ತಿಲೋತ್ತಮಾ ಸೇನ್ ಬೆಂಗಳೂರಿನ ಹುಡುಗಿ.

ಕೊಡಗಿನಲ್ಲಂತೂ ಬಂದೂಕು ಮನೆಯ ಪೂಜೆಯ ವಸ್ತು. ಗಂಡುಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ಸಾರುವುದು ಅಲ್ಲಿನ ಹಳೆಯ ಪದ್ಧತಿ. ಅದೇ ಕೊಡಗಿನಲ್ಲಿ ಇಂದು ಕೈಲ್ ಮುಹೂರ್ತ ಹಬ್ಬದ ದಿನಗಳಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡಲು ಹೆಣ್ಣುಮಕ್ಕಳೂ ನಿಲ್ಲುತ್ತಾರೆ.

ಈಗ ಒಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಸ್ಪರ್ಧೆ ಇದೆ. ಟೋಕಿಯೊದಿಂದ ಶುರುವಾದ ಅದು ಚೆಂದವೇ. ಆದರೆ ಅಲ್ಲಿ ಇಬ್ಬರೂ ಜೊತೆಗಾರರು. ಎದುರುಬದುರು ನಿಂತು ಅಂಕ ಒರೆಗೆ ಹಚ್ಚುವ ಅವಕಾಶ ಮರಳಿಲ್ಲ. ಅಮೆರಿಕದ ಕಾಲೇಜು ರೈಫಲ್ ಚಾಂಪಿಯನ್‌ಷಿಪ್‌ಗಳಲ್ಲಿ ಮಾತ್ರ ಗಂಡು ಹೆಣ್ಣು ಇಂದಿಗೂ ಒಂದೇ ಪಟ್ಟಿಯಲ್ಲಿ ಸೆಣಸುತ್ತಾರೆ. ಅಲ್ಲಿ ಸಾಧ್ಯವಾದದ್ದು ನಮ್ಮಲ್ಲಿ ಯಾಕಾಗಬಾರದು? ಗುಂಡಿನ ಸಂಖ್ಯೆ ಸಮ, ದೂರ ಸಮ, ಗುರಿಯ ಚುಕ್ಕೆ ಸಮ. ಮಹಿಳಾ ವಿಭಾಗದ ಪದಕಗಳು ಹಾಗೆಯೇ ಇರಲಿ, ಅವು ಕಷ್ಟಪಟ್ಟು ಗಳಿಸಿದ್ದು. ಅವುಗಳ ಜೊತೆಗೆ ಜಿಲ್ಲಾ ಮಟ್ಟದ ಕೂಟದಲ್ಲೋ ಅಂತರ ಕಾಲೇಜು ಕೂಟದಲ್ಲೋ ಎಲ್ಲರಿಗೂ ಮುಕ್ತವಾದ ಒಂದು ಏರ್ ರೈಫಲ್ ಪಂದ್ಯವನ್ನೂ ಇಡಬಹುದು. ಹೆಚ್ಚಿನ ರೇಂಜ್ ಬೇಡ, ಹೆಚ್ಚಿನ ಖರ್ಚು ಬೇಡ. ಎರಡು ಅಂಕಪಟ್ಟಿಗಳನ್ನು ಒಂದಾಗಿಸಿದರೆ ಸಾಕು. ಈ ವರ್ಷ ರೈಫಲ್ ಹಿಡಿದ ಹುಡುಗಿಗೆ, ತಾನು ಹುಡುಗಿಯರಲ್ಲಿ ಎಷ್ಟನೆಯವಳು ಎಂಬುದರ ಜೊತೆಗೆ ಎಲ್ಲ ಶೂಟರ್‌ಗಳಲ್ಲಿ ಎಷ್ಟನೆಯವಳು ಎಂಬುದನ್ನೂ ತಿಳಿಯುವ ಹಕ್ಕಿದೆ.