ರವಿವರ್ಮನ ಲಕ್ಷ್ಮಿ ಸರಿ, ಹೆಬ್ಬಾರರ ಚಿತ್ರ?

ರವಿವರ್ಮನ ಲಕ್ಷ್ಮಿಯನ್ನು ಪ್ರಿಂಟ್ ಹಾಕಿಸಿ ಮಾರಿದರೆ ಕೇಸ್ ಆಗುತ್ತಾ ಅಂತ ಆನವಟ್ಟಿಯಲ್ಲಿ ಫೋಟೊಗೆ ಫ್ರೇಮ್ ಹಾಕುವವರೊಬ್ಬರು ನನ್ನನ್ನು ಕೇಳಿದರು. ಆಗಲ್ಲ. ಚಿತ್ರದ ಹಕ್ಕುಸ್ವಾಮ್ಯ ಇರುವುದು ಕಲಾವಿದ ತೀರಿಕೊಂಡ ಮರುವರ್ಷದಿಂದ 60 ವರ್ಷ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆ ಲಕ್ಷ್ಮಿ ಈಗ ಎಲ್ಲರ ಸೊತ್ತು.

ಕೆ.ಕೆ. ಹೆಬ್ಬಾರರ ಲೆಕ್ಕ ಬೇರೆ. ಅವರು ತೀರಿಕೊಂಡದ್ದು 1996ರಲ್ಲಿ. ಅಂದರೆ 2056 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ‘ಮೂಲ ಚಿತ್ರವೇ ನನ್ನ ಹತ್ರ ಇದೆ’ ಅಂದರೂ ನಡೆಯಲ್ಲ; ಕ್ಯಾನ್ವಾಸ್ ಕೊಂಡವರಿಗೆ ಹಕ್ಕುಸ್ವಾಮ್ಯ ತಾನಾಗಿ ಬರೋದಿಲ್ಲ. ಗೊತ್ತಿದ್ದೂ ಹಕ್ಕು ಮುರಿದವರಿಗೆ 3 ವರ್ಷದವರೆಗೆ ಜೈಲು ಆಗಬಹುದು. ಹಕ್ಕು ಮುಗಿದ ಚಿತ್ರವನ್ನೂ ‘ಅಸಲಿ’ ಅಂತ ಮಾರಿದರೆ ಅದು ವಂಚನೆಯೇ.

ಸಣ್ಣ ಅಂಗಡಿಯವರಿಗೆ ನಾನು ಹೇಳೋದಿಷ್ಟೆ: ಚಿತ್ರ ಎಷ್ಟು ಹಳೆಯದು ಅಂತಲ್ಲ, ಕಲಾವಿದ ತೀರಿಕೊಂಡ ವರ್ಷ ಯಾವುದು ಅಂತ ನೋಡಿ.