ಸಂಬಳದಾಚೆಯ ಸಂಬಂಧ

ಗದಗ-ಬೆಟಗೇರಿಯ ಯಾವುದಾದರೊಂದು ಮನೆಯ ಮಗನಿಗೋ ಮಗಳಿಗೋ ದೊಡ್ಡ ಕಂಪನಿಯಲ್ಲಿ ನೌಕರಿ ದೊರೆತರೆ ಆ ಸುದ್ದಿ ಓಣಿಯ ತುದಿಯನ್ನು ಮುಟ್ಟಲು ಬಹಳ ಹೊತ್ತು ಬೇಕಾಗುವುದಿಲ್ಲ. ಬಾಯಿ ಸಿಹಿ ಮಾಡುವ ಮೊದಲೇ ನೆರೆಯವರ ಪ್ರಶ್ನೆ ಬಂದುಬಿಡುತ್ತದೆ: “ಪಗಾರ ಎಷ್ಟು?” ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯೂ ಇದೇ ಮೊದಲ ಪ್ರಶ್ನೆ. ಆದರೆ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ರೊಟ್ಟಿಗಳನ್ನು ಜೋಡಿಸುತ್ತಿರುವ ತಾಯಿಯ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಕುಳಿತಿರುತ್ತದೆ: “ಅಲ್ಲೆ ಜಡ್ಡು-ಜಾಪತ್ರಿ ಬಂದರ ನೋಡೋರು ಯಾರು?”

ಈ ಎರಡನೆಯ ಪ್ರಶ್ನೆಗೆ ಇಂದಿನ ದೊಡ್ಡ ಸಂಸ್ಥೆಗಳು ಉತ್ತರವನ್ನು ಅಚ್ಚು ಹಾಕಿಸಿಯೇ ಇಟ್ಟಿರುತ್ತವೆ. ನೌಕರರ ಆರೋಗ್ಯ, ಮಹಿಳೆಯರಿಗೂ ವಿಕಲಚೇತನರಿಗೂ ಸಮಾನ ಅವಕಾಶ, ಸುತ್ತಣ ಸಮಾಜದ ಸೇವೆ ಇವೆಲ್ಲವೂ ಅವುಗಳ ವಾರ್ಷಿಕ ವರದಿಗಳಲ್ಲಿ ಬಣ್ಣದ ಚಿತ್ರಗಳೊಡನೆ ಕಂಗೊಳಿಸುತ್ತವೆ. ಇದು ಹೊಸ ಕಾಲದ ಹೊಸ ವಿಚಾರವೆಂದು ಅನೇಕರ ಭಾವನೆ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ನಮ್ಮ ಬೆಳಗಾವಿಯ ಸೀಮೆಯಲ್ಲಿ ಹುಟ್ಟಿದ ಉದ್ಯಮಿಯೊಬ್ಬರು ಇದನ್ನು ಕೃತಿಯಲ್ಲಿ ತೋರಿಸಿದ್ದರು. ಅವರೇ ಲಕ್ಷ್ಮಣರಾವ ಕಿರ್ಲೋಸ್ಕರರು.

ಮುಚ್ಚಿದ ಬಾಗಿಲುಗಳು

ಲಕ್ಷ್ಮಣರಾಯರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಅವರ ಒಲವು ಚಿತ್ರಕಲೆಯತ್ತ. ಆ ಹಂಬಲದಿಂದಲೇ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳ ಭೇದವನ್ನು ಅವರ ಕಣ್ಣು ಗುರುತಿಸಲಾರದೆಂಬುದು ಬೇಗನೆ ತಿಳಿದುಬಂದಿತು. ಬಣ್ಣ ಕಾಣದವನಿಗೆ ಕುಂಚವೇಕೆ? ಅವರು ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆಯ ಕಡೆಗೆ ಹೊರಳಿದರು. ಮುಂದೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅಲ್ಲಿಯೂ ನ್ಯಾಯವಾಗಿ ತಮಗೆ ಬರಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾಯಿತು. ಒಂದು ಬಾಗಿಲನ್ನು ಕಣ್ಣಿನ ದೋಷ ಮುಚ್ಚಿದರೆ, ಇನ್ನೊಂದನ್ನು ಹುಟ್ಟು ಮುಚ್ಚಿತ್ತು. ಲಕ್ಷ್ಮಣರಾಯರು ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಮರಳಿದರು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಡನೆ 1888ರಲ್ಲಿಯೇ ಆರಂಭಿಸಿದ್ದ ಸೈಕಲ್ ಅಂಗಡಿಯಿತ್ತು. ಅದರ ಬೆನ್ನಿಗೆ ಮೇವು ಕತ್ತರಿಸುವ ಯಂತ್ರಗಳೂ ಕಬ್ಬಿಣದ ನೇಗಿಲುಗಳೂ ತಯಾರಾಗತೊಡಗಿದವು. ಆದರೆ ಕಬ್ಬಿಣವು ಭೂತಾಯಿಗೆ ವಿಷವೆಂದು ರೈತರು ನಂಬಿದ್ದರು. ಮರದ ರಂಟೆಯನ್ನು ಬಿಟ್ಟು ಲೋಹದ ನೇಗಿಲಿಗೆ ಎತ್ತು ಹೂಡಲು ಯಾರೂ ಮುಂದೆ ಬರಲಿಲ್ಲ. ಮೊದಲ ನೇಗಿಲುಗಳು ಖರ್ಚಾಗಲು ವರ್ಷಗಳೇ ಹಿಡಿದವು. ವ್ಯಾಪಾರವು ಇನ್ನೇನು ಕುದುರಿತೆನ್ನುವಷ್ಟರಲ್ಲಿ, ಕಾರ್ಖಾನೆಯಿದ್ದ ಜಾಗವು ಊರಿನ ಬೆಳವಣಿಗೆಗೆ ಬೇಕೆಂದು ನಗರಸಭೆಯ ಅಪ್ಪಣೆಯಾಯಿತು. ಇದು ಮುಚ್ಚಿದ ಮೂರನೆಯ ಬಾಗಿಲು.

ಪಾಪಾಸುಕಳ್ಳಿಯ ನಡುವೆ ಒಂದು ಊರು

ಆಗ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಯವರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಅವರು ಕೊಟ್ಟರು. ಈ ಸ್ಥಳವಿಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದ ಆ ದಿನಗಳಲ್ಲಿ, ನಮ್ಮವರ ಸರಕಾರೀ ಕಾಗದಪತ್ರಗಳು ಹೋಗಿಬರುತ್ತಿದ್ದುದೂ ಆ ದಿಕ್ಕಿಗೇ.

1910ರಲ್ಲಿ ಲಕ್ಷ್ಮಣರಾಯರೂ ಅವರ ಸಂಗಡಿಗರೂ ಅಲ್ಲಿಗೆ ಬಂದಿಳಿದಾಗ ಎದುರುಗೊಂಡವು ಪಾಪಾಸುಕಳ್ಳಿ ಮತ್ತು ನಾಗರಹಾವು. ಪೇಟೆಯಿಲ್ಲ, ಶಾಲೆಯಿಲ್ಲ. ಇಂತಹ ಕಾಡಿಗೆ ಕೆಲಸಗಾರರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬರಬೇಕಾದರೆ ಸಂಬಳವೊಂದೇ ಸಾಕಾಗದು. ಅವರಿಗೊಂದು ಊರೇ ಬೇಕು. ಹಾಗಾಗಿ ಕಾರ್ಖಾನೆಯ ಗೋಡೆಯೊಡನೆ ಮನೆಗಳ ಗೋಡೆಯೂ ಎದ್ದಿತು. ಊರಿನ ವ್ಯವಸ್ಥೆಯ ಹೊಣೆಯನ್ನು ಅಣ್ಣ ರಾಮಚಂದ್ರರಾಯರು ಹೊತ್ತರು. ಇಂದು ರೈಲು ನಿಲ್ದಾಣದ ಫಲಕದಲ್ಲಿ ಕಾಣುವ ಹೆಸರೂ ಕಿರ್ಲೋಸ್ಕರವಾಡಿಯೇ.

ಮನೆ ಕಟ್ಟಿಕೊಡುವುದು ದೊಡ್ಡದಲ್ಲ. ಹಣವಿದ್ದವರು ಯಾರೂ ಕಟ್ಟಿಯಾರು. ಲಕ್ಷ್ಮಣರಾಯರ ಹಿರಿಮೆಯಿರುವುದು ಆ ಊರಿನೊಳಗೆ ಯಾರನ್ನು ಬಿಟ್ಟುಕೊಂಡರೆಂಬುದರಲ್ಲಿ. ಹಳ್ಳಿಗಳ ಬಾವಿಗೆ ಎಷ್ಟೋ ಜನ ಕೊಡ ಇಳಿಸಲಾಗದಿದ್ದ ಕಾಲದಲ್ಲಿ ಅವರು ತಮ್ಮ ವಾಡಿಯಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದರು. ಸೆರೆಮನೆಯ ಶಿಕ್ಷೆ ಅನುಭವಿಸಿದವರನ್ನು ಕರೆದು ಕೆಲಸ ಕೊಟ್ಟರು. ಕೊಟ್ಟ ಕೆಲಸವಾದರೂ ಯಾವುದು? ರಾತ್ರಿಯ ಪಹರೆ! ಕಳ್ಳನೆಂದು ಲೋಕವು ಬೆರಳು ತೋರಿದವನ ಕೈಯಲ್ಲಿ ಕಾವಲಿನ ಕೋಲನ್ನಿಟ್ಟರು. ಆಸರೆಯ ಜೊತೆಗೆ ನಂಬಿಕೆಯನ್ನೂ ಕೊಟ್ಟ ಬಗೆ ಇದು. ತಾನು ಹೊರಗೆ ನಿಂತು ನೋಡಿದವನಿಗೆ ಮಾತ್ರ ಬಾಗಿಲಿನ ಬೆಲೆ ಗೊತ್ತು.

ಆ ಕಾರ್ಖಾನೆಯಿಂದ ಒಂದು ಪತ್ರಿಕೆಯೂ ಹುಟ್ಟಿತು. 1920ರಲ್ಲಿ ಸಂಸ್ಥೆಯ ಸುದ್ದಿಗಾಗಿ ಆರಂಭವಾದ ‘ಕಿರ್ಲೋಸ್ಕರ ಖಬರ’ವು ಮುಂದೆ ಹೆಸರಾಂತ ಮರಾಠೀ ಮಾಸಪತ್ರಿಕೆಯಾಗಿ ಬೆಳೆಯಿತು. 1930ರಲ್ಲಿ ಮಹಿಳೆಯರಿಗಾಗಿ ‘ಸ್ತ್ರೀ’ ಹೊರಟಿತು. ನೇಗಿಲು ಮಾಡುವವರು ಮನೆಮನೆಯ ಹೆಣ್ಣುಮಕ್ಕಳ ಓದಿನವರೆಗೆ ನಡೆದು ಬಂದರು.

ಒಡೆಯನ ಔದಾರ್ಯ ಎಲ್ಲಿಯವರೆಗೆ?

ಇಲ್ಲಿಗೆ ಕಥೆ ಮುಗಿದಿದ್ದರೆ ಸೊಗಸಾಗಿರುತ್ತಿತ್ತು. ಆದರೆ ತುಂಗಭದ್ರೆಯ ದಡದ ಹರಿಹರವನ್ನು ಬಲ್ಲವರು ಇನ್ನೊಂದು ಪುಟವನ್ನೂ ತೆರೆಯಬೇಕಾಗುತ್ತದೆ. ಅದೇ ಮನೆತನದವರು 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೆ ಹೋದವು. ಯಂತ್ರಪುರವೆಂಬ ಹೆಸರು ಊರಿಗೆ ಅಂಟಿಕೊಂಡಿತು. ಇಪ್ಪತ್ತೊಂದನೆಯ ಶತಮಾನದ ಆರಂಭದ ವೇಳೆಗೆ ಆ ಕಾರ್ಖಾನೆ ಮುಚ್ಚಿತು. ಇಡಿಯ ಊರು ಯಾವ ಭೋಂಗಾದ ಸದ್ದಿಗೆ ಎದ್ದು ಮಲಗುತ್ತದೆಯೋ ಆ ಭೋಂಗಾ ನಿಂತರೆ ಮನೆ, ಶಾಲೆ, ಪೇಟೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಒಡೆಯನು ಎಷ್ಟೇ ಧರ್ಮಿಷ್ಠನಾಗಿರಲಿ, ಅವನ ಔದಾರ್ಯವು ವ್ಯಾಪಾರದ ಆಯುಸ್ಸನ್ನು ಮೀರಿ ಬದುಕಲಾರದು.

ಇದನ್ನರಿತೇ ಸರಕಾರವು ಔದಾರ್ಯಕ್ಕೆ ಬಿಟ್ಟಿದ್ದುದನ್ನು ಒಂದೊಂದಾಗಿ ಕಾಯಿದೆಗೆ ತಂದಿತು. 1948ರ ಕಾರ್ಖಾನೆ ಕಾಯಿದೆಯು 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಉಪಾಹಾರಗೃಹವನ್ನೂ, 500 ಮತ್ತು ಅದಕ್ಕೆ ಮೇಲ್ಪಟ್ಟವರಿರುವಲ್ಲಿ ಕ್ಷೇಮಾಧಿಕಾರಿಯನ್ನೂ ಕಡ್ಡಾಯ ಮಾಡಿತು. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದಿತು. 2017ರ ತಿದ್ದುಪಡಿಯಿಂದ ಹೆರಿಗೆ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. ಬಾಣಂತಿಯು ಈಗ ಯಾರ ದಯೆಯನ್ನೂ ಬೇಡಬೇಕಾಗಿಲ್ಲ. ಕಾಯಿದೆಯ ಕಲಮು ತೋರಿಸಿದರೆ ಸಾಕು.

ಊರಿನ ಮಾತು

ಆದರೆ ಕಾಯಿದೆಯೂ ಎಲ್ಲವನ್ನೂ ಕೊಡಲಾರದು. ಲಾಭದಲ್ಲಿ ನೂರಕ್ಕೆ ಎರಡನ್ನು ಊರಿಗೆ ಕೊಡೆಂದು ಅದು ಹೇಳೀತು. ಊರಿನ ಮನಸ್ಸನ್ನು ಅರಿಯುವ ಬಗೆಯನ್ನು ಅದು ಕಲಿಸೀತೇ? 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗಾಗಿ ಭೂಮಿ ಪಡೆಯಲು ಸರಕಾರವು ಹೊರಟಾಗ ಈ ಪ್ರಶ್ನೆ ಎದುರಿಗೇ ಬಂದು ನಿಂತಿತು. ರೈತರು ಎರಿಭೂಮಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಗದುಗಿನ ತೋಂಟದಾರ್ಯ ಮಠದ ಅಂದಿನ ಪೀಠಾಧಿಪತಿ ಸಿದ್ಧಲಿಂಗ ಸ್ವಾಮಿಗಳು ಅವರ ಬೆನ್ನಿಗೆ ನಿಂತರು. ಕೊನೆಗೆ ಸರಕಾರವು ಭೂಸ್ವಾಧೀನವನ್ನು ಕೈಬಿಟ್ಟಿತು. ಕಾರ್ಖಾನೆ ಬಂದಿದ್ದರೆ ನಾಲ್ಕು ಜನರಿಗೆ ನೌಕರಿ ಸಿಗುತ್ತಿತ್ತೆಂದು ಹೇಳುವವರೂ ಉಂಟು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಊರಿನ ಸಮ್ಮತಿಯಿಲ್ಲದೆ ಊರಿನ ಉದ್ಧಾರವಾಗದೆಂಬ ಪಾಠವನ್ನು ಮುಂಡರಗಿಯ ಒಕ್ಕಲಿಗರು ಕಲಿಸಿದರು.

ಈ ಪಾಠದ ಮೊದಲ ಅಕ್ಷರವನ್ನು ಗದಗ ತಾಲೂಕು ಬಹಳ ಹಿಂದೆಯೇ ತಿದ್ದಿತ್ತು. ಕಿರ್ಲೋಸ್ಕರವಾಡಿಗೆ ಬುನಾದಿ ಬೀಳುವುದಕ್ಕೆ ಐದು ವರ್ಷ ಮೊದಲು, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ದೇಶದ ಸಹಕಾರ ಚಳವಳಿಯು ತನ್ನ ಹುಟ್ಟನ್ನು ನೆನೆಯುವಾಗ ಈ ಪುಟ್ಟ ಹಳ್ಳಿಯ ಹೆಸರನ್ನು ಹೇಳದೆ ಮುಂದೆ ಹೋಗುವುದಿಲ್ಲ. ಸಾಹುಕಾರನ ಬಡ್ಡಿಯಲ್ಲಿ ಬೇಯುತ್ತಿದ್ದ ರೈತನು ಅಲ್ಲಿ ಸದಸ್ಯನಾದನು. ಸಂಘದಲ್ಲಿ ಒಡೆಯನೂ ಅವನೇ, ಆಳೂ ಅವನೇ. ಸಹಕಾರದಲ್ಲಿ ಮತವನ್ನು ತಲೆಯಿಂದ ಎಣಿಸುತ್ತಾರೆಯೇ ಹೊರತು ಥೈಲಿಯಿಂದಲ್ಲ.

ಕಂಪನಿಗಳೆಲ್ಲ ಸಹಕಾರಿ ಸಂಘಗಳಾಗಲೆಂದು ಬಯಸುವುದು ಹುಚ್ಚುತನವಾದೀತು. ಅಷ್ಟೊಂದು ಬಂಡವಾಳ, ಅಷ್ಟೊಂದು ಸಾಹಸ ಎಲ್ಲರಿಂದಲೂ ಆಗುವಂತಹದಲ್ಲ. ಆದರೆ ಶರಣರ ನಾಡಿನಲ್ಲಿ ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ; ದಾಸೋಹದಲ್ಲಿ ಕೊಡುವವನೂ ಉಣ್ಣುವವನೂ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ನೌಕರರ ಕ್ಷೇಮವೆಂಬುದು ಹಬ್ಬದ ಉಡುಗೊರೆಯಾಗಿ ಬಂದರೆ ದಾನ. ಕೆಲಸಗಾರನನ್ನು ಕೇಳಿ, ಅವನ ಪಾಲೆಂದು ಒಪ್ಪಿ ಕೊಟ್ಟರೆ ದಾಸೋಹ. ರಾತ್ರಿಯ ಪಹರೆಯನ್ನು ಸೆರೆಯಿಂದ ಬಂದವನಿಗೆ ವಹಿಸಿಕೊಟ್ಟ ಲಕ್ಷ್ಮಣರಾಯರು ಈ ಪಂಕ್ತಿಗೆ ಅರ್ಧದಾರಿ ನಡೆದಿದ್ದರು. ಕಣಗಿನಹಾಳದ ರೈತರು ಉಳಿದರ್ಧ ದಾರಿಯನ್ನು ತೋರಿಸಿದ್ದರು.

ಮುಂದಿನ ಸಲ ಓಣಿಯ ಹುಡುಗಿಯೊಬ್ಬಳಿಗೆ ನೌಕರಿ ದೊರೆತಾಗ ನೆರೆಯವರು ಪಗಾರವನ್ನು ಅವಶ್ಯವಾಗಿ ಕೇಳಲಿ; ತಾಯಿಯು ಜಡ್ಡಿನ ಮಾತನ್ನೂ ಕೇಳಲಿ. ಅವೆರಡರ ಜೊತೆಗೆ ಮೂರನೆಯದೊಂದನ್ನು ಆ ಹುಡುಗಿಯೇ ಕೇಳಿಕೊಂಡು ಬಸ್ಸು ಹತ್ತಲಿ: “ಅಲ್ಲೆ ನನ್ನ ಮಾತಿಗೆ ಕಿವಿ ಕೊಡೋರು ಅದಾರೇನು?”